ಸುಜಾತ ಸೀಟಿ ಊದದೆ ನಿಂತ ಹೊತ್ತು

ಮಿತ್ರರಾದ ಸಿದ್ದರಾಜು ಅವರಿಗೆ,

‘ನಾನು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಎಂದು ಪತ್ರವನ್ನು ತೊಡಗಬೇಕೆಂದು ವೃತ್ತಿಯುದ್ದಕ್ಕೂ ಮಕ್ಕಳಿಗೆ ಕಲಿಸಿದವನು ನಾನು. ನಿಮಗೆ ಬರೆಯಲು ಕುಳಿತರೆ ಆ ವಾಕ್ಯದ ಮೊದಲರ್ಧವನ್ನು ಮಾತ್ರ ಬರೆಯಬಲ್ಲೆ. ನಾನು ಕ್ಷೇಮ. ಮೆಟ್ಟಿಲು ಹತ್ತುವಾಗ ಮೊಣಕಾಲು ಗೊಣಗುತ್ತದೆ. ನಾಲಿಗೆ ಮಾತ್ರ ನೀವು ಬಲ್ಲಂತೆಯೇ ಇದೆ. ಬಸ್ಸಿನ ಬೋರ್ಡಿನಲ್ಲಿ ಅಕ್ಷರ ತಪ್ಪಿದ್ದರೆ ಕಂಡಕ್ಟರಿಗೆ ಹೇಳದೆ ಇಳಿಯಲಾರೆ. ನೀವಿದ್ದಿದ್ದರೆ ನನ್ನ ತೋಳು ಹಿಡಿದು ಎಳೆದು ಇಳಿಸುತ್ತಿದ್ದಿರಿ.

ಕಳೆದ ಭಾನುವಾರ ತಿ. ನರಸೀಪುರದ ಮೈದಾನದಲ್ಲಿ ನಿಮ್ಮ ಮಗಳು ಸುಜಾತಳನ್ನು ಕಂಡೆ. ನೀವು ಹೋದ ಮೇಲೆ ಅವಳು ಮೈಸೂರಿನಲ್ಲಿ ತರಬೇತಿ ಮುಗಿಸಿ, ನಿಮ್ಮಂತೆಯೇ ಪಿ.ಟಿ. ಶಿಕ್ಷಕಿಯಾಗಿದ್ದಾಳೆ. ಸುತ್ತಲಿನ ಊರವರು ಸೇರಿ ಎರಡು ಶಾಲೆಗಳ ಹೆಣ್ಣುಮಕ್ಕಳಿಗೆ ಖೋ-ಖೋ ಪಂದ್ಯವಿಟ್ಟಿದ್ದರು. ತೀರ್ಪು ಹೇಳುವ ಹೊಣೆ ಅವಳದು. ಹಳೆಯ ಮೇಷ್ಟ್ರೆಂದು ನನಗೂ ಪೆಂಡಾಲಿನಲ್ಲಿ ಒಂದು ಕುರ್ಚಿ. ಆಟ ತೊಡಗುವ ಮೊದಲೇ ತಕರಾರು ಎದ್ದಿತು. ಒಂದು ತಂಡದಲ್ಲಿ ಗೌರಿ ಎಂಬ ಹುಡುಗಿಯಿದ್ದಳು. ಕಿವಿ ಚುರುಕು, ಕಾಲು ಇನ್ನೂ ಚುರುಕು, ಆದರೆ ಹುಟ್ಟಿನಿಂದ ಮಾತು ಬಾರದು. ಅಟ್ಟಿಸಿಕೊಂಡು ಓಡುವವಳು ಸಾಲಿನಲ್ಲಿ ಕುಳಿತವಳ ಬೆನ್ನು ಮುಟ್ಟಿ ಗಟ್ಟಿಯಾಗಿ ‘ಖೋ’ ಎನ್ನಬೇಕು. ಆಗ ಮಾತ್ರ ಕುಳಿತವಳು ಎದ್ದು ಓಡಬೇಕು. ‘ಖೋ’ ಎನ್ನಲಾರದವಳು ಈ ಆಟವನ್ನು ಆಡುವುದೆಂತು? ಎದುರು ಪಕ್ಷದ ಶಿಕ್ಷಕರು ನಿಯಮದ ಮಾತೆತ್ತಿದರು. ಗೌರಿ ತಂಡದ ಸಾಲಿನ ಕೊನೆಯಲ್ಲಿ ನಿಂತು, ಲಂಗದ ಅಂಚನ್ನು ಮುಷ್ಟಿಯಲ್ಲಿ ಹಿಡಿದು, ನಿಮ್ಮ ಮಗಳ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಆ ಅಂಕಣದಲ್ಲಿ ಜಾಗ ಉಂಟೋ ಇಲ್ಲವೋ ಎಂಬುದು ಸುಜಾತಳ ಒಂದು ಮಾತಿನ ಮೇಲೆ ನಿಂತಿತ್ತು.

ಆ ಮಾತು ಯಾವುದೆಂದು ಈಗಲೇ ಹೇಳಲಾರೆ. ನಡುವೆ ಬಾಯಿ ಹಾಕುವುದು ನಿಮ್ಮ ಅಭ್ಯಾಸ. ಇಂದಾದರೂ ಕೊನೆಯವರೆಗೆ ಕೇಳಿರಿ. ಆ ಕುರ್ಚಿಯಲ್ಲಿ ಕುಳಿತಿದ್ದಾಗ ನನ್ನ ಕಣ್ಣ ಮುಂದೆ ಒಬ್ಬಳಲ್ಲ, ಹಲವು ಸುಜಾತೆಯರು ಸಾಲಾಗಿ ನಿಂತಿದ್ದರು.

ನೆನಪಿದೆಯೆ, ಅವಳಿಗೆ ಆರು ವರ್ಷವಿದ್ದಾಗ? ತೊಂಬತ್ತರ ದಶಕದ ಆರಂಭ. ನಂಜನಗೂಡಿನ ನಮ್ಮ ಪ್ರೌಢಶಾಲೆಯ ಸಂಜೆ ಗಂಟೆ ಬಾರಿಸಿತೆಂದರೆ, ಪಕ್ಕದ ಪ್ರಾಥಮಿಕ ಶಾಲೆಯಿಂದ ಅವಳು ಚೀಲವನ್ನು ನೆಲದ ಮೇಲೆ ಎಳೆಯುತ್ತ ಮೈದಾನಕ್ಕೆ ಬರುತ್ತಿದ್ದಳು. ದೊಡ್ಡ ಹುಡುಗಿಯರು ಅವಳನ್ನು ಆಟಕ್ಕೆ ಸೇರಿಸಿಕೊಳ್ಳುತ್ತಿದ್ದರು, ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬ ಷರತ್ತಿನ ಮೇಲೆ. ಓಡಬಹುದು, ಕಿರುಚಬಹುದು, ಮುಟ್ಟಿದರೆ ಔಟಿಲ್ಲ, ಅವಳು ಮುಟ್ಟಿದರೂ ಔಟಿಲ್ಲ. ಈ ಏರ್ಪಾಟನ್ನು ಆ ಮಕ್ಕಳಿಗೆ ಯಾರು ಕಲಿಸಿದರು? ಯಾವ ಪಠ್ಯಪುಸ್ತಕದಲ್ಲಿದೆ? ನನ್ನ ನೀತಿಪಾಠದಲ್ಲಂತೂ ಇರಲಿಲ್ಲ. ಒಂದು ದಿನ ಅವಳನ್ನು ನಿಲ್ಲಿಸಿ, “ಗೆರೆಯನ್ನು ದಾಟಬಾರದು ಏಕೆ, ಮಗು?” ಎಂದು ಕೇಳಿದೆ.

“ಅಪ್ಪ ಸೀಟಿ ಊದ್ತಾರೆ.”

“ಅಪ್ಪ ಇಲ್ಲದಿದ್ದರೆ?”

ಅವಳು ಸುತ್ತ ನೋಡಿ, ದನಿ ತಗ್ಗಿಸಿ, “ಆಗ ದಾಟ್ಬೌದು ಸಾ” ಎಂದಳು.

ನನಗೆ ಆಘಾತ, ನಿಮಗೆ ನಗು. ಹೊಟ್ಟೆ ಹಿಡಿದುಕೊಂಡು ನಕ್ಕಿರಿ. “ಯಾಕ್ ಸ್ವಾಮಿ ಮಕ ಇಂಗ್ ಮಾಡ್ಕಂಡ್ರಿ? ಅದ್ಕಿನ್ನೂ ಆರೊರ್ಸ. ಅರವತ್ತಾದ್ರೂ ಇಲ್ಲೇ ನಿಂತಿರೋರ್ನ ನಾನ್ ತೋರುಸ್ಲಾ? ಇನ್‍ಸ್ಪೆಕ್ಟ್ರು ಬತ್ತರೆ ಅಂದ್ ದಿನ ಮಾತ್ರ ನಮ್ ಸ್ಟಾಫ್ ರೂಮ್ ಯೆಂಗಿರ್ತದೆ ಯೋಳಿ!” ನಿಮ್ಮ ‘ಯೋಳಿ’ಯನ್ನು ‘ಹೇಳಿ’ ಎಂದು ತಿದ್ದಿದೆ, ಅಷ್ಟೆ.

ಇನ್ನೊಂದು ಸಂಜೆ. ಆಗ ಅವಳಿಗೆ ಒಂಬತ್ತೋ ಹತ್ತೋ. ಈಗ ಲೆಕ್ಕಕ್ಕೆ ಸೇರಿದವಳು. ಆ ಬಗ್ಗೆ ಎಷ್ಟು ಬಿಗುಮಾನವಿತ್ತೆಂದರೆ, ತನಗಿಂತ ಚಿಕ್ಕವರನ್ನು ‘ಲೆಕ್ಕಕ್ಕಿಲ್ಲ’ವೆಂದು ಸೇರಿಸಿಕೊಳ್ಳಲು ಅವಳೇ ಒಪ್ಪುತ್ತಿರಲಿಲ್ಲ. “ಎಲ್ರುಗೂ ಒಂದೇ ರೂಲ್ಸು. ಇಲ್ದಿದ್ರೆ ಆಚ್ಗೋಗು” ಎನ್ನುತ್ತಿದ್ದಳು, ತಕ್ಕಡಿ ಹಿಡಿದ ಅಂಗಡಿಯವಳಂತೆ. ಆ ಸಂಜೆ ಓಡುವಾಗ ಅವಳ ಜಡೆಯ ತುದಿಗೆ ಎದುರಾಳಿಯ ಬೆರಳು ತಗುಲಿತು. ನೀವು ನೋಡಲಿಲ್ಲ, ನಾನು ನೋಡಲಿಲ್ಲ, ಮುಟ್ಟಿದವಳಿಗೇ ಗೊತ್ತಾಗಲಿಲ್ಲ. ಸುಜಾತ ತಾನಾಗಿ ನಿಂತು, ಗೆರೆಯಾಚೆ ಹೋಗಿ ಕುಳಿತಳು. ನನ್ನ ಹೃದಯ ತುಂಬಿ ಬಂದಿತು. ನಾಲ್ಕು ವರ್ಷಗಳ ನನ್ನ ಬೋಧನೆ ಫಲಿಸಿತೆಂದುಕೊಂಡು, ಹತ್ತಿರ ಹೋಗಿ ಕೇಳಿದೆ: “ಯಾರೂ ನೋಡಲಿಲ್ಲವಲ್ಲ, ಏಕೆ ಕುಳಿತೆ?”

“ಇವತ್ತು ನಾನ್ ಮೋಸ ಮಾಡಿದ್ರೆ ನಾಳಿಕೆ ಅವ್ಳೂ ಮಾಡ್ತಳೆ ಸಾ. ಆಮ್ಯಾಕೆ ಆಟ ಯೆಂಗಾಡದು?”

ಇಷ್ಟೇನೆ? ಸತ್ಯಕ್ಕಾಗಿ ಅಲ್ಲ, ಧರ್ಮಕ್ಕಾಗಿ ಅಲ್ಲ. ಕೊಟ್ಟು ತೆಗೆದುಕೊಳ್ಳುವ ವ್ಯಾಪಾರ! ನನ್ನ ಮುಖ ಬಾಡಿದ್ದನ್ನು ಕಂಡು ನೀವು ಹೇಳಿದ ಮಾತನ್ನು ನಾನು ಮರೆತಿಲ್ಲ. “ಬಾಳೆ ಕಂದು ನೆಟ್ಟಿದ್ ದಿನ್ವೇ ಗೊನೆ ಎಲ್ಲಿ ಅಂತೀರಲ್ಲ, ಮೇಷ್ಟ್ರೆ. ಆರೊರ್ಸಕ್ಕೆ ಅಪ್ಪನ್ ಸೀಟಿ ಕಾಣ್ತಿತ್ತು. ಒಂಬತ್ತಕ್ಕೆ ಎದ್ರುಗಡೆ ಇರೋಳ್ ಕಾಣ್ತಾವ್ಳೆ. ಅದೇನ್ ಸಣ್ ದೂರ್ವಾ?” ಅಂದು ಆ ಮಾತನ್ನು ಹಾಸ್ಯವೆಂದು ಬಗೆದೆ. ಈಗ ಯೋಚಿಸುತ್ತೇನೆ, ಸಿದ್ದರಾಜು. ಅಪ್ಪನ ಸೀಟಿಯಿಂದ ಎದುರಿಗಿರುವ ಇನ್ನೊಂದು ಜೀವದವರೆಗೆ ಒಂದು ಮಗು ನಡೆದು ಬಂದದ್ದು ಯಾವ ದಾರಿಯಿಂದ? ನಾವು ನೋಡುತ್ತಲೇ ಇದ್ದೆವು. ನಡೆದದ್ದು ಮಾತ್ರ ಕಾಣಲಿಲ್ಲ.

ಹದಿನಾಲ್ಕರ ಸುಜಾತಳನ್ನು ನೆನೆದರೆ ಇಂದಿಗೂ ನನ್ನ ಎದೆ ಭಾರವಾಗುತ್ತದೆ. ನಮ್ಮ ಶಾಲೆಯ ತಂಡದಲ್ಲಿ ಲಲಿತ ಎಂಬ ಹುಡುಗಿಯಿದ್ದಳು. ಮೈ ತುಸು ದಪ್ಪ, ಓಟ ನಿಧಾನ. ಪಂದ್ಯದ ಹಿಂದಿನ ದಿನ ಹುಡುಗಿಯರೆಲ್ಲ ಸೇರಿ ಅವಳಿಗೆ, “ನಾಳಿಕೆ ಜ್ವರ ಅಂದ್ಬುಡು ಕಣೇ, ಟೀಮ್ ಗೆಲ್ಬೇಕು” ಎಂದು ಹೇಳಿ ಒಪ್ಪಿಸಿದ್ದರು. ಒಪ್ಪಿಸಿದವರಲ್ಲಿ ಸುಜಾತಳೂ ಒಬ್ಬಳು. ಪಂದ್ಯ ಮುಗಿದ ಮೇಲೆ ವಿಷಯ ತಿಳಿದು ನಾನು ಗದರಿದಾಗ ಅವಳು ತಲೆ ತಗ್ಗಿಸಲಿಲ್ಲ. “ನಾವೆಲ್ಲ ಒಂದು ಸಾ. ನಾನ್ ಒಬ್ಳೇ ಬ್ಯಾಡ ಅಂದ್ರೆ ಇವ್ರೆಲ್ಲ ನನ್ನ ಏನನ್ಕಂಡಾರು?” ಎಂದಳು. ಒಂಬತ್ತರಲ್ಲಿ ತಾನಾಗಿ ಔಟಾಗಿ ಕುಳಿತವಳು ಇವಳೇನೆ? ಬೆಳೆಯುವುದೆಂದರೆ ಮುಂದಕ್ಕೆ ಹೋಗುವುದು ಎಂದುಕೊಂಡಿದ್ದ ನನಗೆ, ಇವಳು ಹಿಂದಕ್ಕೆ ಜಾರಿದಳೆಂದೇ ತೋರಿತು. ಆ ವಯಸ್ಸಿಗೆ ಗೆಳತಿಯರ ಕಣ್ಣೇ ಕನ್ನಡಿಯೆಂಬುದು ನನಗೆ ಹೊಳೆಯಲಿಲ್ಲ.

ನೀವು ಗದರಲಿಲ್ಲ. ನೀವು ಮಾಡಿದ್ದು ಬೇರೆ. ಮರುದಿನ ಸಂಜೆಯ ಅಭ್ಯಾಸಕ್ಕೆ ಮೊದಲು ಉಳಿದ ಹುಡುಗಿಯರನ್ನು ಪಕ್ಕಕ್ಕೆ ಕರೆದು ಏನೋ ಹೇಳಿದಿರಿ. ಆಟ ನಡೆಯಿತು. ಸುಜಾತ ಸಾಲಿನ ನಡುವೆ, ಒಂದು ಕೈಯನ್ನು ನೆಲಕ್ಕೂರಿ, ಏಳಲು ಸಿದ್ಧಳಾಗಿ ಕುಳಿತಿದ್ದಳು. ಅವಳ ಎಡಗಡೆಯವಳಿಗೆ ಖೋ, ಬಲಗಡೆಯವಳಿಗೆ ಖೋ. ಅವಳಿಗೆ ಮಾತ್ರ ಯಾರೂ ಕೊಡಲಿಲ್ಲ. ಪ್ರತಿಯೊಬ್ಬರ ಹೆಜ್ಜೆಯ ಸದ್ದು ಬೆನ್ನ ಹಿಂದೆ ಬಂದು, ಹಾಗೆಯೇ ದಾಟಿ ಹೋಯಿತು. ಬೆಳಕು ಇಳಿಯುವವರೆಗೂ ಅವಳು ಹಾಗೆ ಕುಳಿತೇ ಇದ್ದಳು. “ಇದು ಕ್ರೌರ್ಯ, ಸಿದ್ದರಾಜು” ಎಂದು ನಿಮ್ಮ ಕಿವಿಯ ಬಳಿ ಸಿಡಿದೆ. ನೀವು ಎಲೆ ಅಡಿಕೆ ಮೆಲ್ಲುವುದನ್ನು ನಿಲ್ಲಿಸಿ, “ಕ್ರೌರ್ಯನೋ ಏನೋ. ನನ್ ಮಗ್ಳೇ ಅಲ್ವಾ, ನಂಗೂ ನೋಯ್ತದೆ. ಆದ್ರೆ ಮಾತಲ್ಲಿ ಯೋಳುದ್ರೆ ಅದು ಮಾತಲ್ಲೇ ಉಳ್ಕತದೆ, ಸ್ವಾಮಿ” ಎಂದಿರಿ. ಆ ವಿಧಾನ ಸರಿಯೆಂದು ಇಂದಿಗೂ ನಾನು ಒಪ್ಪಿಲ್ಲ. ಆದರೆ ಅದರ ಮರುದಿನ ನಾನು ತರಗತಿಗೆ ಹೋಗುವಾಗ ಅವಳು ಲಲಿತಳ ಮನೆಯಿಂದ, ಲಲಿತಳ ಕೈ ಹಿಡಿದುಕೊಂಡೇ ಶಾಲೆಗೆ ಬರುತ್ತಿದ್ದುದನ್ನು ಕಂಡೆ. “ಏಕೆ ಹೋಗಿದ್ದೆ?” ಎಂದು ಕೇಳಿದೆ. ಅವಳು ಲಲಿತಳನ್ನು ಒಳಗೆ ಕಳಿಸಿ, ನನ್ನ ಕಡೆ ತಿರುಗಿದಳು.

“ನೆನ್ನೆ ಕೂತಿದ್ದಾಗ ನನ್ ಬೆನ್ನು ಕಾಯ್ತಾ ಇತ್ತು ಸಾ… ಅವ್ಳ್ ಬೆನ್ನೂ ಅಂಗೇ ಕಾದಿರ್ತದೆ, ಅಲ್ವಾ?”

ನಾನು ಹಳಗನ್ನಡವನ್ನು ಕಲಿತವನು, ಅಲಂಕಾರಶಾಸ್ತ್ರವನ್ನು ಪಾಠ ಹೇಳಿದವನು. ಆ ವಾಕ್ಯದ ಮುಂದೆ ಸೀಮೆಸುಣ್ಣ ಹಿಡಿದು ನಿಂತೆ. ತಿದ್ದಲು ಏನೂ ಇರಲಿಲ್ಲ.

ಇನ್ನು ಹೇಳಲಿರುವುದನ್ನು ನೀವು ಕಂಡಿಲ್ಲ. ನಿಮ್ಮೂರು ಹೆಡತಲೆಯಲ್ಲಿ ನಿಮ್ಮನ್ನು ಮಣ್ಣು ಮಾಡಿದ ದಿನ ಅದು. ಅವಳಿಗೆ ಹತ್ತೊಂಬತ್ತೋ ಇಪ್ಪತ್ತೋ. ಹೆಂಗಸರು ಊರ ಬಾಗಿಲಲ್ಲೇ ನಿಲ್ಲಬೇಕೆಂದರು ಹಿರಿಯರು. ಸುಜಾತ ನಿಲ್ಲಲಿಲ್ಲ. ಅಳುತ್ತಲೇ, ಆದರೆ ದನಿ ಒಡೆಯದಂತೆ ಕೇಳಿದಳು: “ಈ ರೂಲ್ ಮಾಡ್ದಾಗ ಯಾರ್‍ಯಾರು ಕೂತಿದ್ರಿ ದೊಡ್ಡಪ್ಪ? ಎಂಗುಸ್ರು ಯಾರಾರ ಇದ್ರಾ?” ಜಗಳದ ದನಿಯಲ್ಲ ಅದು; ನಿಜವಾಗಿ ತಿಳಿಯಬೇಕೆಂದು ಕೇಳಿದ ಪ್ರಶ್ನೆ. ನಿಮ್ಮ ಅಣ್ಣ, ಆ ಊರಲ್ಲೇ ಅತಿ ಹಠಮಾರಿಯೆಂದು ನೀವು ದೂರುತ್ತಿದ್ದ ಅವರೇ, ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡು ಹೇಳಿದರು: “ನಾನಂತೂ ಕೂತಿರ್ಲಿಲ್ಲ ಕಣವ್ವ. ಬಾ, ನಿಮ್ಮಪ್ಪುಂಗೆ ಮಣ್ಣಾಕು ಬಾ.” ನಿಮ್ಮ ಮೇಲೆ ಬಿದ್ದ ಮೊದಲ ಹಿಡಿ ಮಣ್ಣು ಅವಳದು. ಅದು ನಿಮಗೆ ತಿಳಿದಿದೆಯೋ ಇಲ್ಲವೋ… ತಿಳಿದಿರಲೆಂದು ಬರೆದೆ.

ಈಗ ನರಸೀಪುರದ ಮೈದಾನಕ್ಕೆ ಬನ್ನಿ. ತಕರಾರು ಬೆಳೆಯುತ್ತಿತ್ತು. “ಬೆನ್ ಮುಟ್ಬುಟ್ಟು ಚಪ್ಪಾಳೆ ಹೊಡೀತಳೆ ಮಿಸ್, ನಮ್ಗೆ ಗೊತ್ತಾಯ್ತದೆ” ಎಂದಳು ಗೌರಿಯ ತಂಡದ ನಾಯಕಿ. “ಒಬ್ಳಿಗೆ ಒಂದ್ ರೂಲು, ಉಳಿದೋರ್ಗೆ ಒಂದಾ?” ಎಂದು ಎದುರು ಪಕ್ಷದ ಶಿಕ್ಷಕರು. ಅವರ ಮಾತಿನಲ್ಲಿ ನ್ಯಾಯವಿಲ್ಲದಿರಲಿಲ್ಲ. ಆಗ ಪಂದ್ಯ ನಡೆಸುತ್ತಿದ್ದ ಊರ ಹಿರಿಯರೊಬ್ಬರು ಎದ್ದು, ಬಹಳ ಮೃದುವಾಗಿ ಹೇಳಿದರು: “ಪಾಪ, ಮಾತ್ ಬರದ ಮಗ. ಆಡ್ಕಳ್ಲಿ ಬುಡಿ. ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂದ್ಬುಟ್ರೆ ಯಾರ್ಗೂ ಲಾಸಿಲ್ಲ. ಅವ್ಳ್ ಬದ್ಲಿಗೆ ಇನ್ನೊಬ್ಳೂ ಕೂತ್ಕಳ್ಲಿ.” ಎಲ್ಲರೂ ನಿಟ್ಟುಸಿರು ಬಿಟ್ಟರು. ಕರುಣೆಯ ಮಾತು, ನಾನೂ ತಲೆದೂಗಿದೆ. ಒಪ್ಪಿದ್ದಕ್ಕೆ ಗುರುತಾಗಿ ಯಾರೋ ಚಪ್ಪಾಳೆ ತಟ್ಟಿದರು. ಗೌರಿ ಮಾತ್ರ ಲಂಗದ ಅಂಚನ್ನು ಬಿಟ್ಟು, ತಿರುಗಿ, ಮೈದಾನದಿಂದ ಹೊರಕ್ಕೆ ನಡೆಯತೊಡಗಿದಳು.

ಸುಜಾತಳ ತುಟಿಯಲ್ಲಿ ಸೀಟಿಯಿತ್ತು. ಊದಿದ್ದರೆ ಆಟ ತೊಡಗುತ್ತಿತ್ತು. ಅವಳು ಊದಲಿಲ್ಲ. ಸೀಟಿಯನ್ನು ಕೈಗೆ ತೆಗೆದುಕೊಂಡು, “ಗೌರಿ, ನಿಂತ್ಕೊ” ಎಂದಳು. ಆಮೇಲೆ ಇಬ್ಬರು ನಾಯಕಿಯರನ್ನೂ ಕರೆದು ನೆಲದ ಮೇಲೆ ಎದುರುಬದುರಾಗಿ ಕೂರಿಸಿ, ತಾನೂ ಕುಳಿತಳು. ನನ್ನ ಕುರ್ಚಿ ಹತ್ತಿರವೇ ಇತ್ತು. ಒಂದೊಂದು ಮಾತೂ ಕೇಳಿಸಿತು.

“ಗೌರಿ ಯಾರ್ ಕಡೆ ಅನ್ನೋದ್ನ ಮರ್ತ್‌ಬುಡಿ. ಟಾಸ್ ಆಗ್ಲಿಲ್ಲ ಅನ್ಕಳಿ. ಅವ್ಳು ನಿನ್ ಟೀಮ್ಗೂ ಬರ್ಬೌದು, ನಿನ್ ಟೀಮ್ಗೂ ಬರ್ಬೌದು. ಮಾತ್ ಬರ್ದೇ ಇರೋಳು ನೀನೇ ಆಗಿರ್ಬೌದು. ಈಗ ಇಬ್ರೂ ಸೇರಿ ರೂಲ್ ಯೋಳಿ. ಯಾವ್ ಕಡೆ ಬಂದ್ರೂ ಸರಿ ಅನ್ನಂಗಿರ್ಬೇಕು. ನೀವ್ ಯೋಳಿದ್ನೇ ನಾನ್ ಊದ್ತೀನಿ.”

ಶಿಕ್ಷಕರು ಗೊಣಗಿದರು, ಹಿರಿಯರು ಬಿಸಿಲು ಏರುತ್ತಿದೆಯೆಂದರು. ಆ ಇಬ್ಬರು ಹುಡುಗಿಯರು ನೆಲದಲ್ಲಿ ಕಡ್ಡಿಯಿಂದ ಗೀರುತ್ತ ಕುಳಿತರು. ಎದುರು ಪಕ್ಷದ ನಾಯಕಿಗೆ ಹದಿಮೂರಿದ್ದೀತು. ಗೆಲ್ಲಲೇಬೇಕೆಂದು ಬಂದ ಮುಖ. ಅವಳು ಒಮ್ಮೆ ತನ್ನ ತಂಡದ ಕಡೆ ನೋಡಿದಳು, ಒಮ್ಮೆ ಗೌರಿಯ ಕಡೆ. ಹುಬ್ಬು ಗಂಟಿಕ್ಕಿದಳು. ಆಮೇಲೆ, ಯಾರೋ ಅವಳ ಬಾಯಿಂದ ಮಾತನ್ನು ಎಳೆದಂತೆ, ತಡೆತಡೆದು ಹೇಳಿದಳು:

“ಅಂಗಾರೆ… ಯಾರೂ ಖೋ ಅನ್ನದೇ ಬ್ಯಾಡ ಮಿಸ್. ಎಲ್ರೂ ಚಪ್ಪಾಳೆನೇ ಹೊಡ್ಯಾನ. ನಾವೂವೆ.”

ಸಿದ್ದರಾಜು, ನನ್ನ ಮೈ ಜುಮ್ಮೆಂದಿತು. ಉತ್ಪ್ರೇಕ್ಷೆ ನನಗೆ ಒಗ್ಗದೆಂದು ನೀವು ಬಲ್ಲಿರಿ, ಆದ್ದರಿಂದ ನಂಬಿ. ಒಂದು ಕಾನೂನು ಹುಟ್ಟುವುದನ್ನು ಕಣ್ಣಾರೆ ಕಂಡವರೆಷ್ಟು ಮಂದಿ? ನಾನು ಕಂಡೆ, ನರಸೀಪುರದ ಧೂಳಿನಲ್ಲಿ, ಹದಿಮೂರರ ಒಂದು ಹುಡುಗಿಯ ಬಾಯಲ್ಲಿ. ಅಪ್ಪ ಇಲ್ಲದಿದ್ದರೆ ಗೆರೆ ದಾಟಬಹುದು ಎಂದಿದ್ದ ಮಗು ಈಗ ತಾನೇ ಸೀಟಿಯನ್ನು ಹಿಡಿದು, ಅದನ್ನು ಊದದೆ ಕಾಯುತ್ತಿತ್ತು. ಆರರಲ್ಲಿ ಅವಳಿಗೆ ಕಂಡದ್ದು ನೀವು, ಒಂಬತ್ತರಲ್ಲಿ ಎದುರಾಳಿ, ಹದಿನಾಲ್ಕರಲ್ಲಿ ಗೆಳತಿಯರು, ಆಮೇಲೆ ಲಲಿತಳ ಬೆನ್ನು, ನಿಮ್ಮ ಗುಂಡಿಯ ಬಳಿ ನಿಯಮ ಮಾಡುವಾಗ ಯಾರೂ ಕರೆಯದ ಹೆಂಗಸರು. ಈಗ ಅವಳು ಯಾರ ಮುಖವನ್ನೂ ನೋಡದೆ ಎಲ್ಲರನ್ನೂ ನೋಡುತ್ತಿದ್ದಳು. ಅದನ್ನು ಕಲಿಸಿದವರು ನೀವೆಂದರೆ ನೀವೇ ನಗುತ್ತೀರಿ. ನಾನೆಂದರೆ ಅದಕ್ಕಿಂತ ಜೋರಾಗಿ ನಗುತ್ತೀರಿ. ಹಾಗಾದರೆ ಯಾರು?

ಆಟ ನಡೆಯಿತು. ಅಂತಹ ಖೋ-ಖೋ ಪಂದ್ಯವನ್ನು ನಾನು ಕಂಡಿರಲಿಲ್ಲ. ಕೂಗಿಲ್ಲ, ಹೆಜ್ಜೆಯ ಸದ್ದು, ನಡುನಡುವೆ ಟಪ್ಪೆಂದು ಒಂದು ಚಪ್ಪಾಳೆ. ಚಪ್ಪಾಳೆ ಕೇಳಿಸಲೆಂದು ನೋಡುವವರೂ ಬಾಯಿ ಮುಚ್ಚಿಕೊಂಡಿದ್ದರು. ಗೌರಿ ಮಿಂಚಿನಂತೆ ಓಡಿದಳು. ಕೊನೆಯ ಸುತ್ತಿನಲ್ಲಿ ಅವಳ ತಂಡಕ್ಕೆ ಒಂದೇ ಒಂದು ಔಟು ಬೇಕಿತ್ತು. ಗೌರಿ ಸಾಲಿನಲ್ಲಿ ಕುಳಿತಿದ್ದಳು. ಅವಳ ಗೆಳತಿ ಓಡಿ ಬಂದು ಬೆನ್ನು ಮುಟ್ಟಿದಳು. ಗೌರಿ ಚಿಮ್ಮಿ ಎದ್ದು, ಎರಡೇ ಜಿಗಿತಕ್ಕೆ ಎದುರಾಳಿಯನ್ನು ಮುಟ್ಟಿ, ಎರಡೂ ಕೈಯೆತ್ತಿ ಕುಣಿದಳು. ಪೆಂಡಾಲು ಎದ್ದು ನಿಂತಿತು. ಅಷ್ಟರಲ್ಲಿ ಸೀಟಿ.

ಗೌರಿ ಎದ್ದದ್ದು ಚಪ್ಪಾಳೆಗೆ ಮೊದಲು. ಕೂದಲೆಳೆಯಷ್ಟು ಮೊದಲು. ಫೌಲು, ಔಟಿಲ್ಲ. “ಓಗ್ಲಿ ಬುಡವ್ವ, ಪಾಪ…” ಎಂದು ಅದೇ ಹಿರಿಯರು ಮತ್ತೆ ಎದ್ದರು. ಸುಜಾತ ಅವರ ಕಡೆ ತಿರುಗಲಿಲ್ಲ. ಗೌರಿಯ ಎದುರು ನಿಂತು, “ಚಪ್ಪಾಳೆಗ್ ಮುಂಚೆ ಎದ್ದೆ. ಫೌಲು” ಎಂದಳು, ಉಳಿದವರಿಗೆ ಹೇಳುವ ಅದೇ ದನಿಯಲ್ಲಿ. ಗೌರಿ ಕಾಲನ್ನು ನೆಲಕ್ಕೆ ಅಪ್ಪಳಿಸಿದಳು. ಕೈಯಾಡಿಸಿ, ಬೆನ್ನನ್ನು ತೋರಿಸಿ, ಕಿವಿಯನ್ನು ತೋರಿಸಿ ವಾದಿಸಿದಳು. ಸುಜಾತ ಪೂರ್ತಿ ನೋಡಿದಳು. ಮತ್ತೆ ತಲೆಯಾಡಿಸಿದಳು: ಇಲ್ಲ. ಹೊತ್ತು ಮುಗಿಯಿತು. ಗೌರಿಯ ಶಾಲೆ ಸೋತಿತು.

ಸಂಜೆಯ ಬಸ್ಸಿಗೆ ಹೊರಟವನು, ಅರಳಿಮರದ ಕೆಳಗೆ ನೀರು ಕುಡಿಯುತ್ತಿದ್ದ ಸೋತ ತಂಡದ ಪಕ್ಕದಲ್ಲಿ ಹಾದುಬಂದೆ. ನಿಮ್ಮ ಮಗಳು ದೂರದಲ್ಲಿ ಅಂಕಣದ ಗೂಟ ಕೀಳಿಸುತ್ತಿದ್ದಳು. ನಾಯಕಿ ಸೊಂಟಕ್ಕೆ ಕೈಯಿಟ್ಟು ಗೌರಿಯ ಮೇಲೆ ಹಾರಾಡುತ್ತಿದ್ದಳು: “ನಿನ್ನಿಂದ್ಲೇ ಕಣೇ ಸೋತಿದ್ದು! ಏನ್ ಅರ್ಜೆಂಟಿತ್ತೇ ನಿಂಗೆ, ಕತ್ತೆ? ಒಂಚೂರ್ ತಡ್ಕಳಕ್ ಆಯ್ತಿರ್ಲಿಲ್ವ?” ಇನ್ನೊಬ್ಬಳು ದನಿಗೂಡಿಸಿದಳು: “ಯಾವಾಗ್ಲೂ ಇವ್ಳ್ದು ಇದೇ!” ಯಾರೂ ಪಾಪ ಎನ್ನಲಿಲ್ಲ. ಗೌರಿ ಕೆಂಪಾದ ಮುಖವೆತ್ತಿ, ಹತ್ತು ಬೆರಳುಗಳನ್ನೂ ಹರಿಯಬಿಟ್ಟು, ನಾಯಕಿಗೆ ಒಂದಕ್ಕೆ ಎರಡಾಗಿ ತಿರುಗಿಸಿ ಬೈಯತೊಡಗಿದಳು. ಎಲ್ಲರೂ ಒಟ್ಟಿಗೆ ಜಗಳವಾಡುತ್ತಲೇ, ಒಂದೇ ಗುಂಪಾಗಿ, ನಮ್ಮ ಬಸ್ಸನ್ನೇ ಹತ್ತಿದರು. ಸೀಟು ಹಿಡಿದ ನಾಯಕಿ, ಬೈಗುಳವನ್ನು ನಿಲ್ಲಿಸದೆಯೇ ಪಕ್ಕಕ್ಕೆ ಸರಿದು, ಗೌರಿಗೆ ಜಾಗ ಬಿಟ್ಟಳು.

ನಿಮ್ಮ ಸಹೋದ್ಯೋಗಿ,
ಶ್ರೀಕಂಠಯ್ಯ